ಐವತ್ತು ಶೇರಿನ ರೇಟ್ ಕೂಡಿದ್ರೆ ನಿಫ್ಟಿ ಯಾಕೆ ಬರಲ್ಲ?

ಪ್ರಶ್ನೆ: ಸರ್, ನಮ್ದು ದಾವಣಗೆರೆ, ಮೂರು ವರ್ಷದಿಂದ ಇಂಡೆಕ್ಸ್ ಫಂಡ್‌ನಲ್ಲಿ ತಿಂಗಳ ಕಂತು, ಅಂದ್ರೆ ಎಸ್‌ಐಪಿ, ಕಟ್ತಾ ಇದೀನಿ. ಕುತೂಹಲಕ್ಕೆ ನಿಫ್ಟಿಯ 50 ಶೇರ್ ರೇಟನ್ನೂ ಎಕ್ಸೆಲ್‌ಗೆ ಹಾಕಿ ಕೂಡಿದೆ, ಭಾಗಿಸಿದೆ, ಏನ್ ಮಾಡಿದ್ರೂ ಟೀವೀಲಿ ತೋರಿಸೋ ನಂಬರ್ ಬರ್ತಿಲ್ಲ. ಈ ನಂಬರ್ ಯಾರು ಹೆಂಗೆ ತೆಗೀತಾರೆ? ಇನ್ನೊಂದು ಡೌಟು, ಸೋತ ಕಂಪನಿ ತೆಗೆದು ಗೆದ್ದ ಕಂಪನಿ ಹಾಕ್ತಾ ಹೋದ್ರೆ ಇಂಡೆಕ್ಸ್ ಮೇಲೆ ಹೋಗ್ದೆ ಇನ್ನೇನಾಗತ್ತೆ, ಇದು ಮೋಸ ಅಲ್ವಾ? ಆಮೇಲೆ ಮೂರೂವರೆಗೆ ನೋಡಿದ ನಂಬರ್ ನಾಲ್ಕು ಗಂಟೆಗೆ ನೋಡಿದ್ರೆ ಬೇರೆ ಇರತ್ತಲ್ಲ, ಅದ್ಯಾಕೆ?

ಉತ್ತರ: ನಿಮ್ಮ ಎಕ್ಸೆಲ್ ಕಥೆ ಓದಿ ನಗು ಬಂತು, ಯಾಕಂದ್ರೆ ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ನಾನೂ ಮಾಡಿದ್ದು ಇದೇ. ನಾನು ಒಂದು ಹೆಜ್ಜೆ ಮುಂದೆ ಹೋಗಿ ರೇಟಿನ ಬದಲು ಮಾರ್ಕೆಟ್ ಕ್ಯಾಪ್ (ಮಾರ್ಕೆಟ್ ರೇಟಲ್ಲಿ ಇಡೀ ಕಂಪನಿಯ ಬೆಲೆ) ಕೂಡಿದ್ದೆ, ಅದೂ ಸರಿ ಬರಲಿಲ್ಲ, ಒಂದು ದಿನ ಪೂರ್ತಿ ಫಾರ್ಮುಲಾ ತಪ್ಪು ಹುಡುಕ್ಕೊಂಡು ಕೂತಿದ್ದೆ, ಫಾರ್ಮುಲಾ ಎಲ್ಲ ಸರಿಯಾಗೇ ಇತ್ತು, ನಾನು ಕೂಡ್ತಾ ಇದ್ದ ವಸ್ತುನೇ ಬೇರೆ!

ನಿಫ್ಟಿ ಅಂದ್ರೆ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನ (ಎನ್‌ಎಸ್‌ಇ) 50 ದೊಡ್ಡ ಕಂಪನಿಗಳ ಶೇರು ಒಟ್ಟಾರೆ ಎಷ್ಟು ಏರಿತು ಇಳೀತು ಅಂತ ಒಂದೇ ನಂಬರಲ್ಲಿ ತೋರಿಸೋ ಇಂಡೆಕ್ಸ್. ಮೊದಲು ರೇಟ್ ಕೂಡೋ ವಿಷಯ. ರೇಟ್ ಕೂಡಿ ಇಂಡೆಕ್ಸ್ ಮಾಡೋದು ಅಂಥ ದಡ್ಡತನ ಏನಲ್ಲ, ಅಮೆರಿಕದ ಡೌ ಜೋನ್ಸ್ ಇವತ್ತಿಗೂ ಹಂಗೇ ನಡೆಯತ್ತೆ. ಚಾರ್ಲ್ಸ್ ಡೌ 1896ರಲ್ಲಿ 12 ಕಂಪನಿ ರೇಟ್ ಕೂಡಿ 12ರಿಂದ ಭಾಗಿಸಿ ಶುರು ಮಾಡಿದ್ದು. ಆಗ ಕಂಪ್ಯೂಟರ್ ಎಲ್ಲಿತ್ತು, ಪೆನ್ಸಿಲ್ಲು ಕಾಗದದಲ್ಲಿ ಮಾಡೋಕೆ ಅದೇ ಸಲೀಸು. ಜಪಾನಿನ ನಿಕ್ಕೈ 225 ಕೂಡ ರೇಟಿನ ಮೇಲೇ ನಿಂತಿರೋದು. ಆದ್ರೆ ಇದ್ರಲ್ಲಿ ಒಂದು ಎಡವಟ್ಟಿದೆ. ನಮ್ಮ ಎಂಆರ್‌ಎಫ್ ಟೈರ್ ಕಂಪನಿ ತಗೊಳ್ಳಿ, 2023ರ ಜೂನ್‌ನಲ್ಲಿ ಅದರ ಒಂದು ಶೇರು ಒಂದು ಲಕ್ಷ ರೂಪಾಯಿ ದಾಟ್ತು. ಇರೋ ಶೇರೇ ಸುಮಾರು 42 ಲಕ್ಷ, ಕಡಿಮೆ ಶೇರು ಇರೋದ್ರಿಂದ ಒಂದೊಂದರ ರೇಟು ಆಕಾಶದಲ್ಲಿದೆ ಅಷ್ಟೆ. ಕಂಪನಿ ಗಾತ್ರ ನೋಡಿದ್ರೆ ಇನ್ಫೋಸಿಸ್ ಮುಂದೆ ತೀರಾ ಸಣ್ಣದು. ರೇಟ್ ಕೂಡೋ ಲೆಕ್ಕದಲ್ಲಿ ಎಂಆರ್‌ಎಫ್ ಏನಾದ್ರೂ ನಿಫ್ಟಿಯಲ್ಲಿದ್ದಿದ್ರೆ ಮೂಗಿಗಿಂತ ಮೂಗುತಿ ಭಾರ ಆಗೋದು, ಮಿಕ್ಕ 49 ಕಂಪನಿ ಏನ್ ಮಾಡಿದ್ರೂ ಟೈರ್ ಹೇಳಿದಂಗೆ ದೇಶದ ಮಾರ್ಕೆಟ್ ಕುಣೀಬೇಕಾಗ್ತಿತ್ತು. (ಎಂಆರ್‌ಎಫ್ ನಿಫ್ಟಿ 50ಯಲ್ಲಿ ಇಲ್ಲ, ಉದಾಹರಣೆಗೆ ಹೇಳಿದೆ.)

ಅದಕ್ಕೇ ನಮ್ಮಲ್ಲಿ ರೇಟನ್ನ ಶೇರುಗಳ ಸಂಖ್ಯೆಯಿಂದ ಗುಣಿಸ್ತಾರೆ, ಅದು ಮಾರ್ಕೆಟ್ ಕ್ಯಾಪ್. ನಾನು ಎಡವಿದ್ದು ಇದರ ಮುಂದಿನ ಮೆಟ್ಟಿಲಲ್ಲಿ. ಪೂರ್ತಿ ಶೇರು ಲೆಕ್ಕಕ್ಕೆ ತಗೊಳ್ಳಲ್ಲ, ಮಾರ್ಕೆಟ್‌ನಲ್ಲಿ ನಿಮ್ಮ ನಮ್ಮಂಥೋರು ನಿಜವಾಗ್ಲೂ ಕೊಳ್ಳೋಕೆ ಮಾರೋಕೆ ಸಿಗೋ ಶೇರು ಎಷ್ಟೋ ಅಷ್ಟೇ. ಪ್ರೊಮೋಟರ್ (ಕಂಪನಿ ಕಟ್ಟಿ ಹಿಡಿತ ಇಟ್ಕೊಂಡಿರೋರು) ಹತ್ರ, ಸರ್ಕಾರದ ಹತ್ರ ಗಟ್ಟಿಯಾಗಿ ಕೂತಿರೋ ಶೇರು ಬಿಟ್ಟು ಮಿಕ್ಕಿದ್ದು. ಇದಕ್ಕೆ ಫ್ರೀ ಫ್ಲೋಟ್ ಅಂತಾರೆ. ಮುಂಬೈನ ಇನ್ನೊಂದು ಎಕ್ಸ್‌ಚೇಂಜ್ ಬಿಎಸ್‌ಇಯ 30 ಕಂಪನಿ ಇಂಡೆಕ್ಸ್ ಸೆನ್ಸೆಕ್ಸ್ ಈ ಪದ್ಧತಿಗೆ ಬಂದಿದ್ದು 2003ರ ಸೆಪ್ಟೆಂಬರ್ 1ಕ್ಕೆ, ನಿಫ್ಟಿ ಬಂದಿದ್ದು 2009ರ ಜೂನ್ 26ಕ್ಕೆ, ಅಲ್ಲಿವರೆಗೂ ಎರಡೂ ಪೂರ್ತಿ ಮಾರ್ಕೆಟ್ ಕ್ಯಾಪ್ ಮೇಲೇ ಓಡ್ತಿದ್ವು.

ಬೆಂಗಳೂರಿನದ್ದೇ ಎರಡು ಕಂಪನಿ ಇಟ್ಕೊಂಡು ನೋಡಿ. ಎಲೆಕ್ಟ್ರಾನಿಕ್ಸ್ ಸಿಟಿ ಇನ್ಫೋಸಿಸ್, ಸರ್ಜಾಪುರ ರೋಡ್ ವಿಪ್ರೋ. ಪೂರ್ತಿ ಮಾರ್ಕೆಟ್ ಕ್ಯಾಪ್ ನೋಡಿದ್ರೆ ಇನ್ಫೋಸಿಸ್ ಈಚಿನ ವರ್ಷಗಳಲ್ಲಿ ವಿಪ್ರೋಗಿಂತ ಎರಡು-ಮೂರು ಪಟ್ಟು ದೊಡ್ಡದು. ಆದ್ರೆ ಇನ್ಫೋಸಿಸ್‌ನಲ್ಲಿ ಪ್ರೊಮೋಟರ್‌ಗಳ ಪಾಲು ಸುಮಾರು 15 ಪರ್ಸೆಂಟ್ ಮಾತ್ರ, ವಿಪ್ರೋದಲ್ಲಿ 70 ಪರ್ಸೆಂಟ್‌ಗೂ ಮೇಲೆ. ಹಂಗಾಗಿ ಇನ್ಫೋಸಿಸ್ ಗಾತ್ರದಲ್ಲಿ ನೂರಕ್ಕೆ 85 ತಕ್ಕಡಿಗೆ ಬೀಳತ್ತೆ, ವಿಪ್ರೋದ್ದು 27-28 ಬೀಳತ್ತೆ, ಕೊನೆಗೆ ಇಂಡೆಕ್ಸ್ ಒಳಗೆ ಎರಡರ ನಡುವೆ ಏಳೆಂಟು ಪಟ್ಟು ಅಂತರ. ಟಿಸಿಎಸ್ ಕಥೆನೂ ಇದೇ, ಟಾಟಾ ಸನ್ಸ್ ಹತ್ರ 70 ಪರ್ಸೆಂಟ್‌ಗೂ ಮೇಲಿರೋದ್ರಿಂದ ಗಾತ್ರದಲ್ಲಿ ಇನ್ಫೋಸಿಸ್‌ಗೆ ಅಣ್ಣ ಆದ್ರೂ ನಿಫ್ಟಿ ವೇಟೇಜ್‌ನಲ್ಲಿ (ಇಂಡೆಕ್ಸ್ ಒಳಗಿನ ತೂಕದಲ್ಲಿ) ತಮ್ಮ.

ಎಲ್ಲಕ್ಕಿಂತ ಮಜಾ ಎಲ್‌ಐಸಿದು. 2022ರ ಮೇನಲ್ಲಿ ಐಪಿಒ (ಮೊದಲ ಸಲ ಜನರಿಗೆ ಶೇರು ಮಾರೋದು) ಬಂದಾಗ ಸರ್ಕಾರ ಮಾರಿದ್ದು ಮೂರೂವರೆ ಪರ್ಸೆಂಟ್, ಮಿಕ್ಕ 96.5 ತನ್ನತ್ರನೇ. ಕಂಪನಿ ಬೆಲೆ ಐದು ಲಕ್ಷ ಕೋಟಿ ಅಂತ ಇಟ್ಕೊಂಡ್ರೂ ಲೆಕ್ಕಕ್ಕೆ ಬರೋದು 17,500 ಕೋಟಿ ಅಷ್ಟೆ. ಮನೆಮನೆಗೂ ಗೊತ್ತಿರೋ ಎಲ್‌ಐಸಿ ನಿಫ್ಟಿ 50ರಲ್ಲಿ ಯಾಕಿಲ್ಲ ಅಂತ ತುಂಬಾ ಜನ ಕೇಳ್ತಾರೆ, ಕಾರಣ ಇದು.

ಈಗ ಒಂದು ಪುಟ್ಟ ಇಂಡೆಕ್ಸ್ ನಾವೇ ಮಾಡೋಣ, ಆಗ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಸಿಗತ್ತೆ. ಮೂರೇ ಕಂಪನಿ, ಎಲ್ಲ ಕಾಲ್ಪನಿಕ. ಅಡಿಕೆ ಕಂಪನಿ: 10 ಕೋಟಿ ಶೇರು, ರೇಟು 100, ಮಾರ್ಕೆಟ್‌ನಲ್ಲಿ ಸಿಗೋದು 40 ಪರ್ಸೆಂಟ್, ಅಂದ್ರೆ ಲೆಕ್ಕಕ್ಕೆ 400 ಕೋಟಿ. ಕಾಫಿ ಕಂಪನಿ: 5 ಕೋಟಿ ಶೇರು, ರೇಟು 80, ಪ್ರೊಮೋಟರ್ ಯಾರೂ ಇಲ್ಲ, ಪೂರ್ತಿ 400 ಕೋಟಿ. ರೇಷ್ಮೆ ಕಂಪನಿ: 4 ಕೋಟಿ ಶೇರು, ರೇಟು 100, ಅರ್ಧ ಪ್ರೊಮೋಟರ್‌ದು, 200 ಕೋಟಿ. ಒಟ್ಟು 1000 ಕೋಟಿ. ಇವತ್ತು ನಮ್ಮ ಇಂಡೆಕ್ಸ್ 1000 ಅಂತ ನಾವೇ ಘೋಷಣೆ ಮಾಡ್ತೀವಿ. ಹೌದು, ಶುರುವಿನ ನಂಬರ್ ಸುಮ್ನೆ ಇಟ್ಟಿದ್ದು, ಅದಕ್ಕೆ ಯಾವ ಅರ್ಥನೂ ಇಲ್ಲ. ನಿಫ್ಟಿಯವರು 1995ರ ನವೆಂಬರ್ 3ನ್ನ 1000 ಅಂದ್ರು, ಆವತ್ತಿನ ಒಟ್ಟು ಕ್ಯಾಪ್ 2.06 ಲಕ್ಷ ಕೋಟಿ ಇತ್ತು, ಇಂಡೆಕ್ಸ್ ಶುರುವಾಗಿದ್ದು 1996ರ ಏಪ್ರಿಲ್‌ನಲ್ಲಿ. ಸೆನ್ಸೆಕ್ಸ್‌ನವರು 1978-79ನ್ನ 100 ಅಂದ್ರು, ಹೊರಗೆ ಬಿಟ್ಟಿದ್ದು 1986ರ ಜನವರಿ 1ಕ್ಕೆ. ಸೆನ್ಸೆಕ್ಸ್ 80 ಸಾವಿರ ಇದ್ದಾಗ ನಿಫ್ಟಿ ಬರೀ 24 ಸಾವಿರ ಇತ್ತು, ಹಂಗಾಗಿ ಸೆನ್ಸೆಕ್ಸೇ ಜೋರು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಶುರುವಿನ ತಾರೀಖು ಬೇರೆ, ಶುರುವಿನ ನಂಬರೂ ಬೇರೆ.

ನಮ್ಮ ಇಂಡೆಕ್ಸ್‌ಗೆ ಬನ್ನಿ. 1000 ಕೋಟಿಗೆ 1000 ಪಾಯಿಂಟ್, ಅಂದ್ರೆ ಒಂದು ಪಾಯಿಂಟ್‌ಗೆ ಒಂದು ಕೋಟಿ. ಈ 'ಒಂದು' ಇದ್ಯಲ್ಲ, ಇದೇ ಡಿವೈಸರ್, ಅಂದ್ರೆ ಭಾಗಿಸೋ ಸಂಖ್ಯೆ. ಎನ್‌ಎಸ್‌ಇಯವರು ಇದನ್ನೇ ಬೇರೆ ಥರ ಬರ್ಕೊಂಡು ಬೇಸ್ ಮಾರ್ಕೆಟ್ ಕ್ಯಾಪಿಟಲ್ ಅಂತಾರೆ, ಅಳಿಯ ಅಲ್ಲ ಮಗಳ ಗಂಡ. ಒಂದು ವರ್ಷ ಆಯ್ತು ಅನ್ಕೊಳ್ಳಿ. ಅಡಿಕೆ 120ಕ್ಕೆ ಹೋಯ್ತು, ಲೆಕ್ಕಕ್ಕೆ 480 ಕೋಟಿ. ಕಾಫಿ 100 ಆಯ್ತು, 500 ಕೋಟಿ. ರೇಷ್ಮೆ ಪಾಪ 60ಕ್ಕೆ ಬಿತ್ತು, 120 ಕೋಟಿ. ಒಟ್ಟು 1100, ಇಂಡೆಕ್ಸೂ 1100. ಈಗ ಕಾಫಿ ಕಂಪನಿ ಒಂದು ಶೇರನ್ನ ಐದು ಮಾಡ್ತು, ಸ್ಪ್ಲಿಟ್. ರೇಟು 100ರಿಂದ 20ಕ್ಕೆ ಬಂತು, ಆದ್ರೆ ಶೇರು 5 ಕೋಟಿ ಇದ್ದಿದ್ದು 25 ಕೋಟಿ ಆಯ್ತು, ಗುಣಿಸಿದ್ರೆ ಮತ್ತೆ 500 ಕೋಟಿನೇ. ಇಂಡೆಕ್ಸ್ ಕೂದಲೆಳೆಯಷ್ಟೂ ಅಲ್ಲಾಡಲ್ಲ. ಬೋನಸ್ ಶೇರಿಗೂ (ಇರೋ ಶೇರುದಾರರಿಗೆ ಬಿಟ್ಟಿ ಕೊಡೋದು) ಇದೇ ಲೆಕ್ಕ. (ಹೊಸ ಶೇರಿನ ಸಂಖ್ಯೆಯನ್ನ ಆವತ್ತು ಬೆಳಿಗ್ಗೆನೇ ಶೀಟ್‌ನಲ್ಲಿ ಬದಲಾಯಿಸ್ಬೇಕು ಅನ್ನೋದೊಂದು ಬಿಟ್ರೆ. ನಾನು ಒಂದ್ಸಲ ಮರ್ತಿದ್ದೆ, 9:15ಕ್ಕೆ ನನ್ನ ಸ್ಕ್ರೀನ್‌ನಲ್ಲಿ ಮಾತ್ರ ಮಾರ್ಕೆಟ್ ಕುಸಿದು ಬಿದ್ದಿತ್ತು.)

ಮುಂದಿನದು ನೀವು ಮೋಸ ಅಂದಿದ್ದು. ರೇಷ್ಮೆ ಕಂಪನಿ ತೆಗೆದು ಅದರ ಜಾಗಕ್ಕೆ ಒಂದು ಐಟಿ ಕಂಪನಿ ತರ್ತೀವಿ, ಅದರ ಫ್ರೀ ಫ್ಲೋಟ್ 340 ಕೋಟಿ. ಸುಮ್ನೆ ಅದಲು ಬದಲು ಮಾಡಿದ್ರೆ ಒಟ್ಟು 480, 500, 340 ಸೇರಿ 1320 ಆಗತ್ತೆ, ಇಂಡೆಕ್ಸ್ 1100ರಿಂದ 1320ಕ್ಕೆ ಜಿಗೀಬೇಕು, ಒಂದೇ ರಾತ್ರಿಗೆ 20 ಪರ್ಸೆಂಟ್ ಲಾಭ, ಅದೂ ಯಾವ ಶೇರೂ ಒಂದು ಪೈಸೆ ಏರದೆ! ಹಂಗೆ ಮಾಡಿದ್ರೆ ನೀವು ಹೇಳಿದಂಗೆ ಶುದ್ಧ ಮೋಸ. ಅದಕ್ಕೆ ಏನ್ ಮಾಡ್ತಾರೆ ಅಂದ್ರೆ, ಬದಲಾವಣೆ ಆಗೋ ರಾತ್ರಿ ಇಂಡೆಕ್ಸ್ ಅಲ್ಲೇ 1100ರಲ್ಲೇ ನಿಲ್ಲಬೇಕು ಅಂತ ಹಠ ಹಿಡಿದು ಡಿವೈಸರ್ ಬದಲಾಯಿಸ್ತಾರೆ. 1320ನ್ನ 1100ರಿಂದ ಭಾಗಿಸಿದ್ರೆ 1.2. ನಾಳೆಯಿಂದ ಒಂದು ಪಾಯಿಂಟ್‌ಗೆ 1.2 ಕೋಟಿ. ನಾಳೆ ಈ ಮೂರು ಕಂಪನಿ ಸೇರಿ 1344 ಕೋಟಿ ಆದ್ರೆ 1344 ಭಾಗಿಸು 1.2, ಇಂಡೆಕ್ಸ್ 1120. ಇಪ್ಪತ್ತು ಪಾಯಿಂಟ್ ಏರಿದ್ದು ನಿಜವಾದ ರೇಟ್ ಏರಿದ್ದಕ್ಕೆ.

ಇಂಡೆಕ್ಸ್ ಮೇಂಟೇನ್ ಮಾಡೋದು ಅಂದ್ರೆ ನನ್ನ ಪ್ರಕಾರ ಇಷ್ಟೇ ಕೆಲ್ಸ. ಶೇರ್ ರೇಟ್ ಏರಿಳಿತ ಒಂದು ಬಿಟ್ಟು ಬೇರೆ ಯಾವ ಕಾರಣಕ್ಕೂ ಆ ನಂಬರ್ ಅಲ್ಲಾಡಬಾರದು. ಕಂಪನಿ ಬರಲಿ ಹೋಗಲಿ, ರೈಟ್ಸ್ ಇಶ್ಯೂ ತಂದು ಇರೋ ಶೇರುದಾರರಿಗೇ ಹೊಸ ಶೇರು ಮಾರಲಿ, ಪ್ರೊಮೋಟರ್ ತನ್ನ ಪಾಲು ಮಾರಿ ಫ್ರೀ ಫ್ಲೋಟ್ ಜಾಸ್ತಿ ಆಗಲಿ, ಪ್ರತಿ ಸಲ ಡಿವೈಸರ್ ಮುಟ್ಟಬೇಕು. ಗುಣಾಕಾರ ಭಾಗಾಕಾರ ಏಳನೇ ಕ್ಲಾಸ್ ಮಗು ಮಾಡತ್ತೆ, ಯಾವಾಗ ಡಿವೈಸರ್ ಮುಟ್ಟಬೇಕು ಅನ್ನೋದರಲ್ಲೇ ಎಲ್ಲ ಇರೋದು.

ಮೂವತ್ತು ವರ್ಷದಲ್ಲಿ ಎಷ್ಟೋ ಸಲ ಡಿವೈಸರ್ ಬದಲಾಗಿದೆ, ಹಂಗಾಗಿ ನೀವು ಇವತ್ತು ಎಕ್ಸೆಲ್‌ನಲ್ಲಿ 50 ಕಂಪನಿಯ ಫ್ರೀ ಫ್ಲೋಟ್ ಕ್ಯಾಪ್ ಸರಿಯಾಗಿ ಕೂಡಿ ಆ ಹಳೇ 2.06 ಲಕ್ಷ ಕೋಟಿಯಿಂದ ಭಾಗಿಸಿದ್ರೂ ನಿಫ್ಟಿ ಬರಲ್ಲ. ಸುಲಭದ ದಾರಿ ಹೇಳ್ತೀನಿ: ನಿನ್ನೆಯ ಕ್ಲೋಸಿಂಗ್ ನಿಫ್ಟಿ ತಗೊಳ್ಳಿ, ನಿನ್ನೆಯ ಒಟ್ಟು ಫ್ರೀ ಫ್ಲೋಟ್ ಕ್ಯಾಪ್ ತಗೊಳ್ಳಿ, ಎರಡನೇದನ್ನ ಮೊದಲನೇದರಿಂದ ಭಾಗಿಸಿ, ನಿನ್ನೆಯ ಡಿವೈಸರ್ ಸಿಕ್ತು. ಇವತ್ತಿನ ಒಟ್ಟು ಕ್ಯಾಪ್‌ನ ಅದರಿಂದ ಭಾಗಿಸಿ. ನಡುವೆ ಯಾವ ಬದಲಾವಣೆನೂ ಆಗಿಲ್ಲ ಅಂದ್ರೆ ಟೀವಿ ನಂಬರ್‌ಗೆ ಹತ್ತಿರ ಹತ್ತಿರ ಬರತ್ತೆ.

ಹತ್ತಿರ ಹತ್ತಿರ ಅಂದೆ, ಯಾಕಂದ್ರೆ ದಶಮಾಂಶ ಚುಕ್ಕಿ ಆದಮೇಲಿನ ಅಂಕಿಗಳನ್ನ ಹೆಂಗೆ ಕತ್ತರಿಸ್ತೀರ ಅನ್ನೋದೂ ಮುಖ್ಯ. ಕೆನಡಾದ ವ್ಯಾಂಕೂವರ್ ಸ್ಟಾಕ್ ಎಕ್ಸ್‌ಚೇಂಜ್‌ನವರು 1982ರ ಜನವರಿಯಲ್ಲಿ ಒಂದು ಇಂಡೆಕ್ಸ್ 1000ದಿಂದ ಶುರು ಮಾಡಿದ್ರು. ಒಂದೊಂದು ವ್ಯವಹಾರ ಆದಾಗ್ಲೂ ಹೊಸ ನಂಬರ್ ತೆಗೆಯೋರು, ಮೂರು ಅಂಕಿ ಆದಮೇಲೆ ಮಿಕ್ಕಿದ್ದನ್ನ ಹತ್ತಿರದ ಅಂಕಿಗೆ ತರೋ ಬದಲು ಸೀದಾ ಕತ್ತರಿಸಿ ಬಿಸಾಕೋರು. ದಿನಕ್ಕೆ ಸಾವಿರಾರು ಸಲ, ಪ್ರತಿ ಸಲ ಚೂರು ಚೂರು ಸೋರಿಕೆ, ಮಾರ್ಕೆಟ್ ಚೆನ್ನಾಗೇ ಇದೆ, ಇಂಡೆಕ್ಸ್ ಮಾತ್ರ ಇಳೀತಾನೇ ಇದೆ. 1983ರ ನವೆಂಬರ್‌ಗೆ 524ಕ್ಕೆ ಬಂದಿತ್ತು, ಲೆಕ್ಕ ತಿದ್ದಿ ನೋಡಿದ್ರೆ 1098! ಹಾಲಿನ ಪಾತ್ರೆ ತಳದಲ್ಲಿ ಸೂಜಿಮೊನೆ ತೂತಿದ್ದಂಗೆ. ಲೆಕ್ಕದ ಕೆಲ್ಸಕ್ಕೆ ಹೊಸದಾಗಿ ಬರೋ ಹುಡುಗರಿಗೆ ನಾನು ಮೊದಲು ಹೇಳೋ ಕಥೆ ಇದು.

ಸರಿ, ಈಗ ದಿನದ ಪಾಯಿಂಟ್ ಲೆಕ್ಕ. 2023ರ ಏಪ್ರಿಲ್ 13 ಗುರುವಾರ ಮಾರ್ಕೆಟ್ ಮುಚ್ಚಿದ ಮೇಲೆ ಇನ್ಫೋಸಿಸ್ ರಿಸಲ್ಟ್ ಕೊಟ್ಟು, ಮುಂದಿನ ವರ್ಷ ಬೆಳವಣಿಗೆ 4ರಿಂದ 7 ಪರ್ಸೆಂಟ್ ಅಷ್ಟೇ ಇರಬಹುದು ಅಂತು. ಶುಕ್ರವಾರ ಅಂಬೇಡ್ಕರ್ ಜಯಂತಿ ರಜೆ. ಸೋಮವಾರ 17ಕ್ಕೆ ಶೇರು ಸುಮಾರು 9.4 ಪರ್ಸೆಂಟ್ ಬಿತ್ತು, ನಿಫ್ಟಿ 17,828ರಿಂದ 121 ಪಾಯಿಂಟ್ ಇಳಿದು 17,706ರ ಹತ್ರ ನಿಲ್ತು. ಆಗ ಇನ್ಫೋಸಿಸ್ ವೇಟೇಜ್ ಆರೂವರೆ ಪರ್ಸೆಂಟ್ ಆಸುಪಾಸು ಅಂತ ಹಿಡೀರಿ. ಆರೂವರೆ ಪರ್ಸೆಂಟ್‌ನ 9.4 ಪರ್ಸೆಂಟ್ ಅಂದ್ರೆ 0.61 ಪರ್ಸೆಂಟ್, 17,828ರ ಮೇಲೆ ಅದು ಸುಮಾರು 109 ಪಾಯಿಂಟ್. 121ರಲ್ಲಿ 109 ಒಂದೇ ಕಂಪನಿದು! ಅವತ್ತು 'ಮಾರ್ಕೆಟ್ ಬಿತ್ತು' ಅಂತ ಟೀವಿಯವರು ಹೇಳಿದ್ದು ಹೆಚ್ಚುಕಮ್ಮಿ 'ಇನ್ಫೋಸಿಸ್ ಬಿತ್ತು' ಅಂತ. ಐವತ್ತು ಕಂಪನಿ ಅಂದ ತಕ್ಷಣ ಐವತ್ತೂ ಸಮ ಅನ್ಕೋತೀವಿ, ಆದ್ರೆ ಮೊದಲ ಹತ್ತು ಕಂಪನಿಗಳೇ ಅರ್ಧಕ್ಕಿಂತ ಜಾಸ್ತಿ ತೂಗ್ತಾವೆ, ಬ್ಯಾಂಕು ಫೈನಾನ್ಸು ಎಲ್ಲ ಸೇರಿದ್ರೆ ಮೂರನೇ ಒಂದು ಭಾಗಕ್ಕೂ ಮೇಲೆ. ನಿಮ್ಮ ಕೈಲಿರೋ ಸಣ್ಣಪುಟ್ಟ ಶೇರು ಕೆಂಪಾಗಿದ್ದಾಗ ನಿಫ್ಟಿ ಹಸಿರಾಗಿರೋದು ಇದೇ ಕಾರಣಕ್ಕೆ.

ಈಗ ಯಾರನ್ನ ತೆಗೀತಾರೆ ಯಾರನ್ನ ಹಾಕ್ತಾರೆ ಅನ್ನೋದು. ನಿಫ್ಟಿ ನೋಡ್ಕೊಳ್ಳೋದು ಎನ್‌ಎಸ್‌ಇಯ ಅಂಗಸಂಸ್ಥೆ ಎನ್‌ಎಸ್‌ಇ ಇಂಡಿಸೀಸ್, ಸೆನ್ಸೆಕ್ಸ್ ನೋಡ್ಕೊಳ್ಳೋದು ಬಿಎಸ್‌ಇಯ ಅಂಗಸಂಸ್ಥೆ ಬಿಎಸ್‌ಇ ಇಂಡೆಕ್ಸ್ ಸರ್ವೀಸಸ್ (ಮೊದಲು ಏಷ್ಯಾ ಇಂಡೆಕ್ಸ್ ಅಂತ ಹೆಸರಿತ್ತು). 2024ರ ಮಾರ್ಚ್‌ನಲ್ಲಿ ಶೇರು ಮಾರ್ಕೆಟ್ ನಿಯಂತ್ರಕ ಸೆಬಿ ಇಂಡೆಕ್ಸ್ ಮಾಡೋರಿಗೇ ಅಂತ ಬೇರೆ ನಿಯಮಾವಳಿ ತಂತು. ನಿಫ್ಟಿಗೆ ವರ್ಷಕ್ಕೆ ಎರಡು ಸಲ ಪರೀಕ್ಷೆ: ಜನವರಿ 31ಕ್ಕೆ ಮುಗಿಯೋ ಆರು ತಿಂಗಳು, ಜುಲೈ 31ಕ್ಕೆ ಮುಗಿಯೋ ಆರು ತಿಂಗಳ ಲೆಕ್ಕ ನೋಡ್ತಾರೆ, ನಾಲ್ಕು ವಾರ ಮೊದಲೇ ಹೆಸರು ಹೇಳಿ ಮಾರ್ಚ್ ಕೊನೆಗೆ, ಸೆಪ್ಟೆಂಬರ್ ಕೊನೆಗೆ ಬದಲಾಯಿಸ್ತಾರೆ. ಕಂಪನಿ ಎಫ್ ಅಂಡ್ ಓನಲ್ಲಿ (ಫ್ಯೂಚರ್ಸ್, ಆಪ್ಷನ್ಸ್ ಒಪ್ಪಂದ ನಡೆಯೋ ಶೇರುಗಳ ಪಟ್ಟಿಯಲ್ಲಿ) ಇರಬೇಕು, ಆರು ತಿಂಗಳು ಒಂದು ದಿನನೂ ತಪ್ಪದೆ ಟ್ರೇಡ್ ಆಗಿರಬೇಕು, ಹೊಸಬ ಒಳಗೆ ಬರ್ಬೇಕಂದ್ರೆ ಇರೋರಲ್ಲಿ ಎಲ್ಲಕ್ಕಿಂತ ಸಣ್ಣೋನಿಗಿಂತ ಕನಿಷ್ಠ ಒಂದೂವರೆ ಪಟ್ಟು ದೊಡ್ಡೋನಾಗಿರಬೇಕು. ಈ ಒಂದೂವರೆ ಪಟ್ಟು ರೂಲ್ ಇಲ್ಲದಿದ್ರೆ ಐವತ್ತನೇಯವನೂ ಐವತ್ತೊಂದನೇಯವನೂ ಆರು ತಿಂಗಳಿಗೊಮ್ಮೆ ಬಸ್ ಸ್ಟ್ಯಾಂಡ್ ಥರ ಹತ್ತಿ ಇಳೀತಾ ಇರ್ತಿದ್ರು.

ಇವೆಲ್ಲದಕ್ಕಿಂತ ನಂಗೆ ಇಷ್ಟ ಆಗೋದು ಇಂಪ್ಯಾಕ್ಟ್ ಕಾಸ್ಟ್ ಅನ್ನೋ ಶರತ್ತು. ಸಂತೆಗೆ ಹೋಗಿ ಒಂದು ಕೆಜಿ ಟೊಮ್ಯಾಟೊ ಕೇಳಿದ್ರೆ ಒಂದು ರೇಟು, ಅದೇ 'ಇಡೀ ಸಾಲಿನ ಟೊಮ್ಯಾಟೊ ನಂಗೇ ಬೇಕು' ಅಂದ್ರೆ ಮೊದಲ ಬುಟ್ಟಿ ಹಳೇ ರೇಟಿಗೆ ಸಿಗತ್ತೆ, ಹತ್ತನೇ ಬುಟ್ಟಿಯವನು ನಿಮ್ಮ ಅವಸರ ನೋಡಿ ರೇಟ್ ಏರಿಸಿರ್ತಾನೆ. ನೀವು ಕೊಳ್ಳೋಕೆ ಹೋಗಿದ್ದರಿಂದಲೇ ಏರಿದ ಆ ರೇಟು ಇದ್ಯಲ್ಲ, ಅದು ಇಂಪ್ಯಾಕ್ಟ್ ಕಾಸ್ಟ್. ಕೊಳ್ಳೋನು 99 ಅಂತಾನೆ, ಮಾರೋನು 100 ಅಂತಾನೆ, ನ್ಯಾಯವಾದ ರೇಟು 99.50, ನೀವು ಸರಾಸರಿ 100 ಕೊಟ್ಟು ತಗೊಂಡ್ರೆ ಸುಮಾರು ಅರ್ಧ ಪರ್ಸೆಂಟ್ ಜಾಸ್ತಿ ಕೊಟ್ರಿ. ನಿಫ್ಟಿಯ ಶರತ್ತು ಏನಂದ್ರೆ 10 ಕೋಟಿ ರೂಪಾಯಿ ಬುಟ್ಟಿಗೆ ಈ ಖರ್ಚು, ನೋಡಿದ ಸಲಗಳಲ್ಲಿ ನೂರಕ್ಕೆ ತೊಂಬತ್ತು ಸಲ, ಅರ್ಧ ಪರ್ಸೆಂಟ್ ಮೀರಬಾರದು. ನಿಫ್ಟಿ ರೂಪಿಸಿದ ಅಜಯ್ ಶಾ, ಸೂಸನ್ ಥಾಮಸ್ ಅವರ ಕಾಲದಿಂದ ಬಂದಿರೋ ವಿಚಾರ ಇದು. ದೊಡ್ಡ ಕಂಪನಿ ಆದ್ರೆ ಸಾಲದು, ಕೊಳ್ಳೋಕೆ ಹೋದವನಿಗೆ ಸಿಗಬೇಕು. ನಿಮ್ಮ ಇಂಡೆಕ್ಸ್ ಫಂಡ್ ಇಷ್ಟು ಕಡಿಮೆ ಖರ್ಚಲ್ಲಿ ನಡೆಯೋದಕ್ಕೆ ಇದೂ ಒಂದು ಕಾರಣ.

ಬಂದು ಹೋದೋರ ಪಟ್ಟಿ ನೋಡಿದ್ರೆ ಕಾಲ ಹೆಂಗೆ ಬದಲಾಗಿದೆ ಅಂತ ಗೊತ್ತಾಗತ್ತೆ. 1986ರ ಸೆನ್ಸೆಕ್ಸ್‌ನಲ್ಲಿ ಪದ್ಮಿನಿ ಕಾರಿನ ಪ್ರೀಮಿಯರ್ ಆಟೋಮೊಬೈಲ್ಸ್ ಇತ್ತು, ಅಂಬಾಸಡರ್‌ನ ಹಿಂದುಸ್ತಾನ್ ಮೋಟರ್ಸ್ ಇತ್ತು. ಈಚೆಗೆ ನಮ್ಮೂರಿಗೇ ಸಂಬಂಧಪಟ್ಟಿದ್ದು ಅಂದ್ರೆ 2024ರ ಸೆಪ್ಟೆಂಬರ್‌ದು. ಬೆಂಗಳೂರಲ್ಲಿ ಹುಟ್ಟಿದ ಮೈಂಡ್‌ಟ್ರೀ ಎಲ್ ಅಂಡ್ ಟಿ ಇನ್ಫೋಟೆಕ್ ಜೊತೆ ಸೇರಿ ಆದ ಎಲ್‌ಟಿಐ ಮೈಂಡ್‌ಟ್ರೀ, 2023ರ ಜುಲೈನಲ್ಲಿ ಎಚ್‌ಡಿಎಫ್‌ಸಿ ಲಿಮಿಟೆಡ್ ತನ್ನ ಬ್ಯಾಂಕ್ ಜೊತೆ ವಿಲೀನ ಆಗಿ ಖಾಲಿಯಾದ ಸೀಟಿಗೆ ಬಂದು ಕೂತಿತ್ತು. ಒಂದು ವರ್ಷ ಚಿಲ್ಲರೆ ಆದ್ಮೇಲೆ ಹೊರಗೆ ಹೋಯ್ತು. ಅದೇ ಸಲ ಒಳಗೆ ಬಂದಿದ್ದು ಯಾರು ಅಂತೀರಾ, ನಮ್ಮ ಜಾಲಹಳ್ಳಿ ಬಿಇಎಲ್, ಜೊತೆಗೆ ಟ್ರೆಂಟ್.

ಇನ್ನು ನಿಮ್ಮ ಮೋಸದ ಪ್ರಶ್ನೆ. ಇದಕ್ಕೆ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂಗಿಂತ ಒಳ್ಳೇ ಉದಾಹರಣೆ ಇಲ್ಲ. 2009ರ ಜನವರಿ 7ಕ್ಕೆ ಅದರ ಅಧ್ಯಕ್ಷ ರಾಮಲಿಂಗ ರಾಜು ಕಂಪನಿ ಲೆಕ್ಕ ಎಲ್ಲ ಸುಳ್ಳು ಅಂತ ಪತ್ರ ಬರೆದ್ರು, ಶೇರು ಒಂದೇ ದಿನದಲ್ಲಿ 179 ರೂಪಾಯಿ ಹತ್ರದಿಂದ 40ರ ಹತ್ರ ಬಿತ್ತು. ಎರಡೂ ಇಂಡೆಕ್ಸ್‌ನವರು ಮುಂದಿನ ಕೆಲವೇ ದಿನದಲ್ಲಿ ಸತ್ಯಂ ತೆಗೆದ್ರು, ಸೆನ್ಸೆಕ್ಸ್‌ಗೆ ಸನ್ ಫಾರ್ಮಾ ಬಂತು. ಆದ್ರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂಗೆ, ಬೀಳಬೇಕಾದ್ದು ಬಿದ್ದಾಗಿತ್ತು, ಆ ನಷ್ಟ ಪೂರ್ತಿ ಇಂಡೆಕ್ಸ್ ಒಳಗೆ ಸೇರಿಹೋಗಿತ್ತು. ಸತ್ಯಂ ತೆಗೆದ ರಾತ್ರಿ ಡಿವೈಸರ್ ಬದಲಾಗಿ ಇಂಡೆಕ್ಸ್ ಬಿದ್ದ ಜಾಗದಲ್ಲೇ ನಿಲ್ತು, ಒಂದು ಪಾಯಿಂಟೂ ವಾಪಸ್ ಬರಲಿಲ್ಲ. ಸನ್ ಫಾರ್ಮಾ ಹಿಂದೆ ಎಷ್ಟು ಏರಿತ್ತೋ ಅದೂ ಇಂಡೆಕ್ಸ್‌ಗೆ ಸಿಗಲ್ಲ, ಒಳಗೆ ಬಂದ್ಮೇಲೆ ಏರಿದ್ರೆ ಮಾತ್ರ. ಎಷ್ಟೋ ಸಲ ಕಂಪನಿ ಚೆನ್ನಾಗಿ ಏರಿ ಏರಿ ದೊಡ್ಡದಾದ ಮೇಲೇ ಒಳಗೆ ಬರೋದು, ಬಂದ್ಮೇಲೆ ಸುಸ್ತಾಗಿ ಕೂರತ್ತೆ. ಲೆಕ್ಕದಲ್ಲಿ ಮೋಸ ಇಲ್ಲ, ಅದನ್ನ ಧೈರ್ಯವಾಗಿ ಹೇಳ್ತೀನಿ.

ಆದ್ರೂ ನಿಮ್ಮ ಅನುಮಾನದಲ್ಲಿ ಅರ್ಧ ಸತ್ಯ ಇದೆ, ಅದು ಲೆಕ್ಕದಲ್ಲಲ್ಲ, ಅದನ್ನ ತೋರಿಸಿ ಮಾರೋ ರೀತಿಯಲ್ಲಿ. 'ಸೆನ್ಸೆಕ್ಸ್ 1979ರಲ್ಲಿ 100 ಇದ್ದಿದ್ದು 80 ಸಾವಿರ ದಾಟ್ತು, ನಮ್ಮ ಕಂಪನಿಗಳು ನೋಡಿ ಹೆಂಗೆ ಬೆಳೆದ್ವು' ಅಂತ ಗ್ರಾಫ್ ತೋರಿಸ್ತಾರಲ್ಲ, ಆ ಮೂವತ್ತು ಕಂಪನಿ ಬೆಳೆದಿದ್ದಲ್ಲ ಅದು, ಅವುಗಳಲ್ಲಿ ಬಹಳಷ್ಟು ಪಟ್ಟಿಯಿಂದ ಯಾವಾಗ್ಲೋ ಹೋಗಿವೆ. ಬೆಳೆದಿದ್ದು ನಿಯಮ ಪಾಲಿಸಿ ಬದಲಾಯಿಸ್ತಾ ಹೋದ ಒಂದು ಬುಟ್ಟಿ. 1986ರಲ್ಲಿ ಆ ಮೂವತ್ತು ಶೇರು ಕೊಂಡು ಟ್ರಂಕಲ್ಲಿ ಬೀಗ ಹಾಕಿಟ್ಟೋನಿಗೆ ಈ ಗ್ರಾಫ್‌ನ ಲಾಭ ಸಿಕ್ಕಿರಲ್ಲ, ಬೇರೆ ಏನೋ ಸಿಕ್ಕಿರತ್ತೆ.

ಕೆಲವು ಸಲ ರೂಲ್‌ಬುಕ್ಕನ್ನೇ ತಿದ್ದಬೇಕಾಗತ್ತೆ. 2023ರ ಜುಲೈ 20ಕ್ಕೆ ರಿಲಯನ್ಸ್‌ನಿಂದ ಜಿಯೋ ಫೈನಾನ್ಶಿಯಲ್ ಬೇರೆ ಆಯ್ತಲ್ಲ, ಆಗ ಹೀಗಾಯ್ತು. ಮನೆ ಪಾಲಾದಾಗ ಯಾರ ಪಾಲಿಗೆ ಎಷ್ಟು ಬೆಲೆ ಅನ್ನೋದೇ ಜಗಳ, ಇಲ್ಲೂ ಅದೇ: ಜಿಯೋ ಫೈನಾನ್ಶಿಯಲ್ ಇನ್ನೂ ಲಿಸ್ಟ್ ಆಗಿಲ್ಲ, ಅದರ ರೇಟು ಯಾರಿಗೂ ಗೊತ್ತಿಲ್ಲ, ಆದ್ರೆ ಆವತ್ತು ಬೆಳಿಗ್ಗೆ ರಿಲಯನ್ಸ್ ಅಷ್ಟು ಇಳಿದೇ ಇಳಿಯತ್ತೆ. ಅದಕ್ಕೆ ರಿಲಯನ್ಸ್‌ಗೆ ಮಾತ್ರ ಬೆಳಿಗ್ಗೆ ಸ್ಪೆಷಲ್ ಸೆಷನ್ ಇಟ್ರು. ಹಿಂದಿನ ದಿನ 2841.85ಕ್ಕೆ ಮುಚ್ಚಿತ್ತು, ಆ ಸೆಷನ್‌ನಲ್ಲಿ 2580 ರೇಟ್ ಬಂತು, ವ್ಯತ್ಯಾಸ 261.85, ಅದೇ ಜಿಯೋ ಫೈನಾನ್ಶಿಯಲ್ ಬೆಲೆ ಅಂತ ಹಿಡಿದು ಇಂಡೆಕ್ಸ್ ಒಳಗೆ ಇಟ್ರು. ಒಂದು ತಿಂಗಳು ನಿಫ್ಟಿ 50ರಲ್ಲಿ 51 ಶೇರು, ಸೆನ್ಸೆಕ್ಸ್‌ನಲ್ಲಿ 31! ಟ್ರೇಡೇ ಆಗದ ಶೇರು, ರೇಟು ಅಲ್ಲಾಡದೆ ಸುಮ್ನೆ ಕೂತಿತ್ತು. ಆಗಸ್ಟ್ 21ಕ್ಕೆ ಲಿಸ್ಟ್ ಆಯ್ತು, ಮೂರು ದಿನಕ್ಕೆ ತೆಗೆಯೋ ಪ್ಲಾನು, ಆದ್ರೆ ಮೊದಲ ದಿನಗಳಲ್ಲಿ ಬರೀ ಲೋಯರ್ ಸರ್ಕ್ಯೂಟ್, ಅಂದ್ರೆ ಒಂದು ದಿನಕ್ಕೆ ಇಳಿಯಬಹುದಾದ ಮಿತಿವರೆಗೂ ಬಿದ್ದು ನಿಲ್ಲೋದು. ಇಂಡೆಕ್ಸ್ ಫಂಡ್‌ನೋರಿಗೆಲ್ಲ ಅದನ್ನ ಮಾರಲೇಬೇಕು, ಕೊಳ್ಳೋರಿಲ್ಲ. ತೆಗೆಯೋ ದಿನ ಮುಂದಕ್ಕೆ ಹಾಕಿ ಹಾಕಿ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಅಂತೂ ಎರಡೂ ಇಂಡೆಕ್ಸ್‌ನಿಂದ ಹೋಯ್ತು. ತಮಾಷೆ ಅಂದ್ರೆ 2025ರ ಮಾರ್ಚ್‌ನಲ್ಲಿ ಅದೇ ಕಂಪನಿ ಈ ಸಲ ತನ್ನ ಗಾತ್ರದ ಮೇಲೇ ನಿಫ್ಟಿಗೆ ವಾಪಸ್ ಬಂತು, ಬ್ರಿಟಾನಿಯಾ, ಬಿಪಿಸಿಎಲ್ ಹೊರಗೆ ಹೋದ್ವು, ಜೊಮ್ಯಾಟೊ ಕೂಡ ಆಗಲೇ ಬಂದಿದ್ದು.

ಒಂದು ವಿಷಯದಲ್ಲಿ ಮಾತ್ರ ನಿಫ್ಟಿ ನಿಜಕ್ಕಿಂತ ಕಮ್ಮಿ ತೋರಿಸತ್ತೆ: ಡಿವಿಡೆಂಡ್, ಅಂದ್ರೆ ಕಂಪನಿ ಶೇರುದಾರರಿಗೆ ಹಂಚೋ ಲಾಭದ ಪಾಲು. ಕಂಪನಿ ಡಿವಿಡೆಂಡ್ ಕೊಟ್ಟ ದಿನ ಶೇರ್ ರೇಟು ಅಷ್ಟು ಇಳಿಯತ್ತೆ, ಮಾಮೂಲಿ ಡಿವಿಡೆಂಡ್‌ಗೆ ಡಿವೈಸರ್ ಮುಟ್ಟಲ್ಲ, ಹಂಗಾಗಿ ಆ ದುಡ್ಡು ಇಂಡೆಕ್ಸ್‌ನಿಂದ ಮಾಯ, ನಿಮ್ಮ ಫಂಡ್‌ಗೆ ಮಾತ್ರ ಬಂದಿರತ್ತೆ. ಡಿವಿಡೆಂಡನ್ನ ವಾಪಸ್ ಹಾಕಿ ಲೆಕ್ಕ ಮಾಡೋ ಇನ್ನೊಂದು ನಂಬರ್ ಇದೆ, ಟೋಟಲ್ ರಿಟರ್ನ್ ಇಂಡೆಕ್ಸ್, ಟಿಆರ್‌ಐ ಅಂತಾರೆ. ವರ್ಷಕ್ಕೆ ಒಂದು-ಒಂದೂವರೆ ಪರ್ಸೆಂಟ್ ಅಷ್ಟೇ ವ್ಯತ್ಯಾಸ, ಆದ್ರೆ ಕೂಡ್ತಾ ಕೂಡ್ತಾ ಈಗ ನಿಫ್ಟಿಗೂ ಅದರ ಟಿಆರ್‌ಐಗೂ ನಡುವೆ ಹತ್ತು ಸಾವಿರ ಪಾಯಿಂಟ್‌ಗೂ ಜಾಸ್ತಿ ಅಂತರ. ಮೊದಲು ಫಂಡ್‌ನೋರು ಡಿವಿಡೆಂಡ್ ಸೇರಿಸಿದ ತಮ್ಮ ರಿಟರ್ನ್‌ನ ಡಿವಿಡೆಂಡ್ ಇಲ್ಲದ ನಿಫ್ಟಿ ಜೊತೆ ಹೋಲಿಸಿ 'ನಾವು ಇಂಡೆಕ್ಸ್ ಸೋಲಿಸಿದ್ವಿ' ಅಂತ ಮೀಸೆ ತಿರುವೋರು. 2018ರ ಫೆಬ್ರವರಿ 1ರಿಂದ ಸೆಬಿ ಟಿಆರ್‌ಐ ಜೊತೆನೇ ಹೋಲಿಸ್ಬೇಕು ಅಂದ್ಮೇಲೆ ಸುಮಾರು ಮೀಸೆ ಇಳಿದ್ವು. ನಿಮ್ಮ ಫಂಡ್ ಸರಿಯಾಗಿ ನಡೀತಿದ್ಯಾ ಅಂತ ನೋಡೋಕೆ ನೀವೂ ನಿಫ್ಟಿ 50 ಟಿಆರ್‌ಐ ಪಕ್ಕದಲ್ಲಿಟ್ಟು ನೋಡಿ.

ಕೊನೇದು, ಮೂರೂವರೆ-ನಾಲ್ಕು ಗಂಟೆ ಕಥೆ. 9:15ರಿಂದ 3:30ರವರೆಗೆ ನಿಫ್ಟಿ ಲೆಕ್ಕ ಆಗೋದು ಪ್ರತಿ ಶೇರೂ ಎನ್‌ಎಸ್‌ಇನಲ್ಲಿ ಕೊನೇ ಸಲ ಯಾವ ರೇಟಿಗೆ ಕೈ ಬದಲಾಯ್ತೋ ಅದರ ಮೇಲೆ. (ಎನ್‌ಎಸ್‌ಇನಲ್ಲಿ ಮಾತ್ರ, ಬಿಎಸ್‌ಇ ರೇಟು ಇದಕ್ಕೆ ಸಂಬಂಧ ಇಲ್ಲ. 2021ರ ಫೆಬ್ರವರಿ 24ಕ್ಕೆ ಎನ್‌ಎಸ್‌ಇ ಬೆಳಿಗ್ಗೆ 11:40ಕ್ಕೆ ನಿಂತೋದಾಗ ಅತ್ತ ಸೆನ್ಸೆಕ್ಸ್ ಓಡ್ತಾನೇ ಇತ್ತು, ಆಮೇಲೆ ಸಂಜೆ 3:45ರಿಂದ 5ರವರೆಗೆ ಟ್ರೇಡಿಂಗ್ ನಡೆಸಿದ್ರು.) ಆದ್ರೆ ದಿನದ ಕ್ಲೋಸಿಂಗ್‌ಗೆ ಕೊನೇ ರೇಟು ತಗೊಂಡ್ರೆ ಯಾರೋ ಒಬ್ಬ 3:29ಕ್ಕೆ ನುಗ್ಗಿ ನಾಲ್ಕು ಶೇರು ಎಳೆದು ನಂಬರ್ ಕೆಡಿಸಬಹುದು. ಅದಕ್ಕೆ ಇಷ್ಟು ವರ್ಷ ನಡ್ಕೊಂಡು ಬಂದಿರೋ ಪದ್ಧತಿ ಏನಂದ್ರೆ ಪ್ರತಿ ಶೇರಿಗೂ ಕೊನೇ ಅರ್ಧ ಗಂಟೆಯ ಸರಾಸರಿ ತೆಗೆಯೋದು, ಎಷ್ಟು ಶೇರು ಯಾವ ರೇಟಿಗೆ ಹೋಯ್ತು ಅನ್ನೋ ತೂಕ ಹಾಕಿ. ಆ ಐವತ್ತು ಸರಾಸರಿ ರೇಟಿಂದ ಮತ್ತೊಮ್ಮೆ ಲೆಕ್ಕ ಹಾಕಿದಾಗ ಬರೋದೇ ನಿಜವಾದ ಕ್ಲೋಸಿಂಗ್. ಕೊನೇ ಹತ್ತು ನಿಮಿಷದಲ್ಲಿ ಮಾರ್ಕೆಟ್ ಸರ್ರಂತ ಏರಿದ್ರೆ ನೀವು 3:30ಕ್ಕೆ ನೋಡಿದ ನಂಬರ್ ದೊಡ್ಡದಿರತ್ತೆ, ನಾಲ್ಕು ಗಂಟೆಗೆ ನೋಡಿದ್ದು ಸ್ವಲ್ಪ ಕಮ್ಮಿ, ಇಳಿದಿದ್ರೆ ಉಲ್ಟಾ. ಎಕ್ಸೆಲ್‌ನಲ್ಲಿ ನಿನ್ನೆಯ ಡಿವೈಸರ್ ತೆಗೆಯುವಾಗ ಈ ಎರಡನೇ ನಂಬರ್ ಹಾಕಿ, ಶೇರುಗಳ ರೇಟೂ ಕೊನೇ ಟ್ರೇಡ್‌ದಲ್ಲ, ಕ್ಲೋಸಿಂಗ್ ರೇಟೇ ಇರಲಿ, ಒಂದು ಅದು ಒಂದು ಇದು ಮಿಕ್ಸ್ ಮಾಡಿದ್ರೆ ಮತ್ತೆ ನಂಗೆ ಬರೀಬೇಕಾಗತ್ತೆ.